ಬಲಕ್ಕೆ ಎರಡು ಬಡಿತ

ಇದು ನಮ್ಮ ಪಕ್ಕದ ಮನೆ ಶಿವಶಂಕರಣ್ಣನಿಗೆ ಆದದ್ದು. ಎಲ್ಲೋ ಯಾರೋ ಹೇಳಿ ಕೇಳಿದ್ದಲ್ಲ, ನಮ್ಮ ಗೋಡೆಯ ಆಚೆ ಕಡೆ ಬದುಕಿರುವ ಮನುಷ್ಯನಿಗೆ ಆದದ್ದು. ಬಾಗಿಲು ಸ್ವಲ್ಪ ಮುಂದಕ್ಕೆ ಹಾಕಿಕೊಳ್ಳಿ. ನಡುವೆ ಯಾರೂ ಕೆಮ್ಮಬೇಡಿ, ಗೋಡೆ ತಟ್ಟಬೇಡಿ... ಸದ್ದೇನಾದರೂ ಕೇಳಿದರೆ ಅದು ನಿಮ್ಮದೋ ಬೇರೆಯವರದೋ ನನಗೆ ಗೊತ್ತಾಗಬೇಕು.

ತೊಂಬತ್ತನಾಲ್ಕನೇ ಇಸವಿ. ಪಾಂಡವಪುರದಲ್ಲಿ ಕಬ್ಬು ಅರೆಯುವ ಕಾಲ. ರಾತ್ರಿ ಊಟದ ಹೊತ್ತು ಮೀರಿತ್ತು. ಶಿವಶಂಕರಣ್ಣ ಗಾಡಿ ರಿಪೇರಿಯ ಕರಿಯಪ್ಪನ ಶೆಡ್ಡಿನ ಮುಂದೆ ಕಾರು ನಿಲ್ಲಿಸಿ ಮನೆಗೆ ನಡೆದು ಬರುತ್ತಿದ್ದ. ದಾರಿಯಲ್ಲಿ ಆಲದ ಮರ, ಮರದ ಪಕ್ಕ ಕಲ್ಲುಕಟ್ಟೆಯ ಬಾವಿ. ನೀರು ಸೇದುವವರು ಯಾರೂ ಇಲ್ಲ. ಆದರೂ ರಾಟೆ ಗಾಳಿಗೆ ಕಿರ್... ಕಿರ್... ಅನ್ನುತ್ತಿತ್ತು. ಬೇರೆಯವರಾಗಿದ್ದರೆ ದೇವರ ಹೆಸರು ಹೇಳಿಕೊಂಡು ಓಟ ಕೀಳುತ್ತಿದ್ದರು. ಶಿವಶಂಕರಣ್ಣ ಮಾತ್ರ ನಿಂತು, ತಲೆ ಓರೆ ಮಾಡಿಕೊಂಡು, ಆ ರಾಟೆಗೆ ಗ್ರೀಸು ಸಾಲದಾ, ಅಚ್ಚು ಸವೆದಿದೆಯಾ ಅಂತ ಕೇಳಿಸಿಕೊಳ್ಳುತ್ತಿದ್ದ. ಅವನ ತಲೆ ಅಷ್ಟು ಕೆಟ್ಟಿತ್ತು.

ಕೆಡಿಸಿದ್ದು ಅವನ ಬಿಳಿ ಅಂಬಾಸಿಡರು. ಬಾಡಿಗೆಗೆ ಓಡುವ ಹಳೇ ಗಾಡಿ. ಊರೊಳಗೆ ಓಡಿಸಿದರೆ ಹಸುವಿನಷ್ಟು ಸಾಧು. ದೊಡ್ಡ ರೋಡಿಗೆ ಹೋಗಿ ಸ್ಪೀಡು ಹಿಡಿದರೆ ಶುರು. ಮೊದಲು ತಳದಿಂದ ಊಂ... ಅಂತ ಒಂದು ಸದ್ದು, ಯಾರೋ ಬಾಯಿ ಮುಚ್ಚಿಕೊಂಡು ಅಳುವ ಹಾಗೆ. ಆಮೇಲೆ ಸ್ಟೇರಿಂಗು ನಡುಗುತ್ತಿತ್ತು, ಮೈಮೇಲೆ ದೇವರು ಬಂದವರ ಕೈ ನಡುಗುತ್ತದಲ್ಲ, ಹಾಗೆ. ಕೊನೆಗೆ ಗಡ ಗಡ ಗಡ... ಸೀಟು, ಕನ್ನಡಿ, ಕೂತವರ ಹಲ್ಲು, ಎಲ್ಲಾ. ಆಕ್ಸಿಲೇಟರು ಬಿಟ್ಟರೆ ಮೆಲ್ಲಗೆ ಅಡಗಿ ಏನೂ ಆಗದವರ ಹಾಗೆ ಕೂತುಬಿಡುತ್ತಿತ್ತು.

ಕರಿಯಪ್ಪ ಸುಮ್ಮನೆ ಕೂತಿರಲಿಲ್ಲ. ಓಡುತ್ತಿರುವಾಗಲೇ ನ್ಯೂಟ್ರಲ್ ಮಾಡಿ ನೋಡಿದ. ಸದ್ದು ಹೋಗಲಿಲ್ಲ, ಹಾಗಾದರೆ ಎಂಜಿನ್ನಿನದಲ್ಲ ಅಂದ. ಟೈರು ಅದಲು ಬದಲು ಮಾಡಿದ. ಮೈಸೂರಿಗೆ ಕಳಿಸಿ ವೀಲ್ ಬ್ಯಾಲೆನ್ಸು ಮಾಡಿಸಿದ. ಮುಂದಿನ ಎರಡು ಬೇರಿಂಗೂ ಹೊಸದು ಹಾಕಿದ. ಕೈಗೆ ನಡುಕ ಸಿಗುವುದು ಸ್ಟೇರಿಂಗಿನಲ್ಲಿ, ಹಾಗಾಗಿ ಎಲ್ಲರೂ ಗಾಡಿಯ ಮುಂಭಾಗಕ್ಕೇ ಬಗ್ಗಿದರು. ಕೊನೆಗೆ ಕರಿಯಪ್ಪ ಕೈ ಒರೆಸಿಕೊಂಡು, ಮೆಲ್ಲಗೆ ಓಡಿಸಪ್ಪ, ಹಳೇ ಗಾಡಿ ಅಂದಮೇಲೆ ಅಷ್ಟು ಇರುತ್ತದೆ ಅಂದುಬಿಟ್ಟ.

ಮೆಲ್ಲಗೆ ಓಡಿಸಬಹುದಿತ್ತು. ಆದರೆ ಶಿವಶಂಕರಣ್ಣ ಒಂದು ಗಮನಿಸಿದ್ದ, ಅದನ್ನ ಯಾರಿಗೂ ಹೇಳಿರಲಿಲ್ಲ. ದಸರಾ ಹೊತ್ತಿಗೆ ಈ ನಡುಕ ಬರುತ್ತಿದ್ದದ್ದು ಎಪ್ಪತ್ತೈದರ ಸ್ಪೀಡಿನಲ್ಲಿ. ದೀಪಾವಳಿಗೆ ಎಪ್ಪತ್ತಕ್ಕೆ ಬಂತು. ಈಗ ಅರವತ್ತಕ್ಕೆ. ಇಳೀತಾ ಬರ್ತಿತ್ತು... ಅವನ ಕಡೆಗೆ.

ಮಾರನೇ ದಿನ ಬೆಳಗ್ಗೆ ಅದೇ ಕಾರಿನಲ್ಲಿ ಅವನು ಕಿಕ್ಕೇರಿಗೆ ಹೋಗಬೇಕಿತ್ತು. ತಂಗಿ ಅನು ಅಲ್ಲಿಗೆ ಕೊಟ್ಟ ಹುಡುಗಿ. ತುಂಬಿದ ಬಸುರಿ. ಮಡಿಲಕ್ಕಿ ಕಟ್ಟಿಸಿಕೊಂಡು ತವರಿಗೆ ಬರುವ ದಿನ. ಹಾಗೇ ಮೈಸೂರಿಗೆ ಹೋಗಿ ಡಾಕ್ಟರಮ್ಮನಿಗೂ ತೋರಿಸಬೇಕು. ಹಿಂದೊಂದು ಸಲ ಅನು ಬಸುರಿಯಾಗಿದ್ದಾಗ, ಶಿವಶಂಕರಣ್ಣ ಬಾಡಿಗೆ ಸಿಕ್ಕಿತು ಅಂತ ಹೋಗಿಬಿಟ್ಟಿದ್ದರಿಂದ, ಅವಳು ಬಸ್ಸಿನ ಹಿಂದಿನ ಸೀಟಿನಲ್ಲಿ ಕುಲುಕಿಸಿಕೊಂಡು ಬಂದಿದ್ದಳು. ಆ ಕೂಸು ಉಳಿಯಲಿಲ್ಲ. ಬಸ್ಸಿನಿಂದಲೇ ಅಂತ ಯಾರೂ ಹೇಳಲಿಲ್ಲ. ಅವಳೂ ಅಣ್ಣನನ್ನ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಎಷ್ಟೋ ವಾಸಿ ಇತ್ತು. ಈ ಸಲ ನನ್ನ ಕಾರಲ್ಲೇ ಕರಕೊಂಡು ಬರ್ತೀನಿ ಅಂತ ಅವನು ಅವ್ವನ ಮುಂದೆ ಮಾತು ಕೊಟ್ಟಿದ್ದ.

ಬಾವಿ ಕಟ್ಟೆಯ ಮೇಲೆ ಬೀಡಿ ಕಿಡಿ ಎರಡು ಕಾಣಿಸಿದವು. ಒಂದು ಅಕ್ಕಿ ಗಿರಣಿಯ ಕಾವಲುಗಾರ ದಾಸಯ್ಯನದು. ಇನ್ನೊಂದು ಧರ್ಮೇಂದ್ರನದು.

ಈ ಧರ್ಮೇಂದ್ರ ಶಿವಶಂಕರಣ್ಣನ ಜೊತೆ ಓದಿದವನು, ಬಸ್‌ಸ್ಟ್ಯಾಂಡಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟವನು. ನಮ್ಮಂಥ ಹುಡುಗರಿಗೆಲ್ಲ ಗುರು. ಕಿಕ್ಕೇರಿ ಬಸ್ಸಿಗೆ ನಾಗಮಂಗಲದ ಬೋರ್ಡು ಹಾಕಿ, ಅರ್ಧ ಬಸ್ಸು ಜನ ಹತ್ತುವ ತನಕ ಗೂಡಂಗಡಿ ಹಿಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕವನು. ಅವನು ಗಂಭೀರವಾಗಿ ಮಾತಾಡಿದ ಅಂದರೆ ಜೇಬು ಮುಟ್ಟಿ ನೋಡಿಕೊಳ್ಳಬೇಕು. ಆವತ್ತು ಮಾತ್ರ ಶಿವಶಂಕರಣ್ಣ ನೋಡಿಕೊಳ್ಳಲಿಲ್ಲ. ಎಲ್ಲಾ ಹೇಳಿಕೊಂಡ, ಇಳೀತಾ ಬರುವ ವಿಷಯವನ್ನೂ.

ಧರ್ಮೇಂದ್ರ ಬೀಡಿ ಎಸೆದ.

"ಸೋಮಯ್ಯಣ್ಣ ಮಾಡ್ತಿರ್ನಿಲ್ವಾ, ಅಂಗೆ ಮಾಡುವ ಬಾ. ನಾನು ಡಿಕ್ಕೀಲಿ ಮನಿಕ್ಕತೀನಿ. ನೀನು ಓಡ್ಸು."

ಸೋಮಯ್ಯ ಅಂದರೆ ಕರಿಯಪ್ಪನಿಗಿಂತ ಮೊದಲು ಆ ಶೆಡ್ಡಿನಲ್ಲಿದ್ದ ಮೇಸ್ತ್ರಿ. ಸದ್ದು ಎಲ್ಲಿಂದ ಅಂತ ಗೊತ್ತಾಗದಿದ್ದರೆ ಅವನು ಡಿಕ್ಕಿಯೊಳಗೆ ಗೋಣಿಚೀಲ ಹಾಸಿಕೊಂಡು, ತಗಡಿಗೆ ಕಿವಿ ಕೊಟ್ಟು ಮಲಗುತ್ತಿದ್ದ. ಡ್ರೈವರು ಗಾಡಿ ಓಡಿಸಬೇಕು. ಸದ್ದು ಎಡಗಡೆಯದಾದರೆ ಸೋಮಯ್ಯ ಒಳಗಿಂದ ಒಂದು ಬಡಿತ ಬಡಿಯುತ್ತಿದ್ದ. ಬಲಗಡೆಯದಾದರೆ ಎರಡು. ಗಾಡಿ ನಿಲ್ಲಿಸಬೇಕು ಅಂದರೆ ನಿಲ್ಲಿಸುವ ತನಕ ಬಡಿಯುತ್ತಲೇ ಇರುತ್ತಿದ್ದ. ಸ್ಟ್ಯಾಂಡಿನ ಡ್ರೈವರುಗಳಿಗೆಲ್ಲ ಈ ಲೆಕ್ಕ ಗೊತ್ತು. ಬಡಿಯುವುದಕ್ಕೆ ಅವನ ಹತ್ತಿರ ಒಂದು ಸ್ಪ್ಯಾನರಿತ್ತು, ಹಿಡಿದು ಹಿಡಿದು ಸವೆದು ಬೆಳ್ಳಿ ಹಾಗೆ ಹೊಳೆಯುತ್ತಿದ್ದದ್ದು. ಆ ವರ್ಷದ ಆಷಾಢದಲ್ಲಿ ಸೋಮಯ್ಯ ತೀರಿಕೊಂಡಾಗ ಎಲೆ ಅಡಿಕೆ ಚೀಲದ ಜೊತೆ ಆ ಸ್ಪ್ಯಾನರನ್ನೂ ಗುಂಡಿಗೆ ಇಟ್ಟರು. ಶಿವಶಂಕರಣ್ಣನೂ ಮೂರು ಹಿಡಿ ಮಣ್ಣು ಹಾಕಿ ಬಂದಿದ್ದ.

"ನೀನು ಬಡಿಯಾದು ಯಾತರಲ್ಲಿ?" ಅಂದ ಶಿವಶಂಕರಣ್ಣ.

"ಬೆಟ್ಟಲ್ಲಿ." ಧರ್ಮೇಂದ್ರ ಬೆರಳು ಮಡಿಸಿ ಬಾವಿಕಟ್ಟೆಗೆ ಹೊಡೆದು ತೋರಿಸಿದ. ಟಕ್.

ಹಗಲಾಗಿದ್ದರೆ ದೊಡ್ಡ ರೋಡಿನ ತುಂಬಾ ಕಬ್ಬಿನ ಗಾಡಿ, ಬಸ್ಸು. ಅರವತ್ತರಲ್ಲಿ ಒಂದೇ ಸಮ ಓಡಿಸುವುದಕ್ಕೆ ಜಾಗವೇ ಸಿಗುವುದಿಲ್ಲ. ನೋಡುವುದಾದರೆ ಈ ರಾತ್ರಿಯೇ. ಇಬ್ಬರೂ ಶೆಡ್ಡಿಗೆ ವಾಪಸು ಹೋದರು. ಸ್ಟೆಪ್ನಿ ಪಕ್ಕಕ್ಕೆ ತಳ್ಳಿ ಗೋಣಿಚೀಲ ಹಾಸಿದರು. ಧರ್ಮೇಂದ್ರ ಕಾಲು ಮಡಿಸಿಕೊಂಡು ಒಳಗೆ ಸೇರಿಕೊಂಡ. ಗಾಳಿ ಆಡಲಿ ಅಂತ ಶಿವಶಂಕರಣ್ಣ ಡಿಕ್ಕಿಯ ಬಾಗಿಲನ್ನ ಪೂರ್ತಿ ಮುಚ್ಚದೆ, ಅದಕ್ಕೆ ಕಟ್ಟಿದ ಹಗ್ಗದ ತುದಿ ಅವನ ಕೈಗೇ ಕೊಟ್ಟು, ಎಳಕೊಂಡಿರು ಅಂತ ಹೇಳಿ ಮುಂದೆ ಹೋದ.

ಸೆಲ್ಫು ಹೊಡೆದ. ಕ್ರ್ ಕ್ರ್ ಕ್ರ್... ಮೂರನೇ ಸಲಕ್ಕೆ ಎಂಜಿನ್ನು ಹಿಡಿಯಿತು. ಅದೇ ಹೊತ್ತಿಗೆ ಹಿಂದೆ ದಡ್ ಅಂತ ಡಿಕ್ಕಿ ಮುಚ್ಚಿಕೊಂಡ ಸದ್ದು.

"ಯಾಕ್ಲಾ ಮುಚ್ಕಂಡೆ? ಉಸ್ರು ಕಟ್ಟದಾ?"

ಟಕ್. ಒಂದೇ ಬಡಿತ. ತಮಾಷೆಗೆ ಬಡಿದಿದ್ದಾನೆ ಅಂದುಕೊಂಡು ಶಿವಶಂಕರಣ್ಣ ಗೇರು ಹಾಕಿದ.

ರೈಲ್ವೆ ಸ್ಟೇಷನ್ನು ದಾಟಿತು. ಕಿರಂಗೂರಿನ ಹತ್ತಿರ ದೊಡ್ಡ ರೋಡು ಸಿಕ್ಕಿತು. ಎಡಕ್ಕೆ ತಿರುಗಿ ಗಣಂಗೂರಿನ ಕಡೆ ಹೊರಟ. ಎರಡೂ ಕಡೆ ಸಾಲು ಮರ. ಲೈಟಿನ ಬೆಳಕಿಗೆ ಒಂದೊಂದು ಮರವೂ ಎದ್ದು ನಿಂತು, ನೋಡಿ, ಹಿಂದಕ್ಕೆ ಹೋಗುತ್ತಿತ್ತು. ಎದುರಿಗೆ ಒಂದು ಲಾರಿ ಬಂತು, ಹೋಯಿತು. ಆಮೇಲೆ ಯಾರೂ ಇಲ್ಲ.

ಐವತ್ತು. ಐವತ್ತೈದು. ಕಿಟಕಿ ಗಾಜು ಏರಿಸಿದ, ಗಾಳಿಯ ಸದ್ದು ಬೇಡ ಅಂತ.

ಊಂ...

ಅರವತ್ತು ಇನ್ನೂ ಆಗಿರಲಿಲ್ಲ. ಮುಳ್ಳು ಐವತ್ತೆಂಟರಲ್ಲಿತ್ತು. ಇನ್ನೂ ಇಳಿದಿದೆ. ಸ್ಟೇರಿಂಗು ಅವನ ಅಂಗೈಯಲ್ಲಿ ನಡುಗತೊಡಗಿತು. ಗಡ ಗಡ ಗಡ...

"ಬಂತು ಕಣ್ಲಾ," ಅಂತ ಕೂಗಿದ. "ಎಡವಾ, ಬಲವಾ?"

ಹಿಂದೆ ಏನೂ ಇಲ್ಲ. ಒಂದು ಮರ ಹೋಯಿತು. ಇನ್ನೊಂದು ಮರ ಹೋಯಿತು.

ಟಣ್... ಟಣ್.

ಎರಡು. ಬಲ. ಶಿವಶಂಕರಣ್ಣನಿಗೆ ಎದೆ ಹಗುರಾಯಿತು. ಆಮೇಲೆ ಅನ್ನಿಸಿತು... ಬೆಟ್ಟಿನಲ್ಲಿ ಬಡಿದರೆ ಟಕ್ ಅನ್ನಬೇಕು. ಇದು ಕಬ್ಬಿಣಕ್ಕೆ ಕಬ್ಬಿಣ ತಾಕಿದ ಸದ್ದು. ಡಿಕ್ಕಿಯಲ್ಲಿ ಕೈಗೆ ಯಾವುದೋ ಜಾಕಿ ರಾಡು ಸಿಕ್ಕಿರಬೇಕು ಅಂದುಕೊಂಡ. ಆದರೆ ರಾಡು ಅವನ ಸೀಟಿನ ಕೆಳಗಿತ್ತು. ಹಿಮ್ಮಡಿಗೆ ತಾಕುತ್ತಿತ್ತು. ಅದು ಅವನಿಗೆ ಆಗ ಹೊಳೆಯಲಿಲ್ಲ, ಇಲ್ಲಾ ಹೊಳೆಯುವುದು ಬೇಕಿರಲಿಲ್ಲ.

"ಸರ್ಯಾಗಿ ಕೇಳಿಸ್ಕೋ. ಬಲದಲ್ಲಿ ಇಂದ್ಗಡೆ ಚಕ್ರನಾ? ಔದು ಅಂದ್ರೆ ಇನ್ನೆರಡು ಬಡಿ."

ಸ್ಟೇರಿಂಗನ್ನ ಬೇಕೆಂದೇ ಸ್ವಲ್ಪ ಎಡಕ್ಕೆ ತಿರುಗಿಸಿದ, ಗಾಡಿಯ ಭಾರ ಬಲಕ್ಕೆ ವಾಲಲಿ ಅಂತ. ಊಂಕಾರ ಏರಿತು. ಅದರೊಳಗೆ, ಬಲಗಡೆಯ ಹಿಂದಿನ ಚಕ್ರದ ನೆತ್ತಿಯ ಮೇಲೇ...

ಟಣ್. ಟಣ್.

ಆತುರವಿಲ್ಲದ ಬಡಿತ. ಕೆಲಸ ಗೊತ್ತಿದ್ದವರ ಬಡಿತ. ಧರ್ಮೇಂದ್ರ ಜೀವಮಾನದಲ್ಲಿ ಇದೊಂದು ಸಲ ನೆಟ್ಟಗೆ ಕೆಲಸ ಮಾಡಿದ ಅಂತ ಶಿವಶಂಕರಣ್ಣನಿಗೆ ಕಣ್ಣು ತುಂಬಿ ಬಂತು. ಸ್ಪೀಡು ಇಳಿಸಿದ. ಸದ್ದು ಅಡಗಿತು. ಕತ್ತಲಲ್ಲಿ ಮುಖ ನೋಡದೆ ಮಾತಾಡುವುದು ಸುಲಭ ಅಲ್ಲವಾ. ಯಾರಿಗೂ ಹೇಳದ್ದನ್ನೆಲ್ಲ ಅವನು ಆ ಡಿಕ್ಕಿಗೆ ಹೇಳಿಕೊಂಡ. ಆವತ್ತು ಬಾಡಿಗೆ ಬಿಟ್ಟು ತಂಗಿಯನ್ನ ಕರೆತರಲು ಹೋಗಿದ್ದರೆ ಅಂತ. ಅವಳು ಆಸ್ಪತ್ರೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದು, ಇವನು ಬಾಗಿಲಲ್ಲೇ ನಿಂತು ವಾಪಸು ಬಂದದ್ದು. ಈ ಸಲ ಏನಾದರೂ ಆದರೆ ಅವ್ವನ ಮುಖ ಹೇಗೆ ನೋಡಲಿ ಅಂತ.

ಹಿಂದೆ ಸದ್ದಿಲ್ಲ. ಕೇಳಿಸಿಕೊಳ್ಳುವವರ ಮೌನ ಬೇರೆ, ಯಾರೂ ಇಲ್ಲದ ಮೌನ ಬೇರೆ. ಅದು ಕೇಳಿಸಿಕೊಳ್ಳುವವರದೇ ಆಗಿತ್ತು ಅಂತ ಅವನು ಇವತ್ತಿಗೂ ಹೇಳುತ್ತಾನೆ.

ಕೊನೆಗೆ ಮೂಗು ಒರೆಸಿಕೊಂಡು ಅಂದ, "ಬುಡು, ಜಾಗ ಗೊತ್ತಾಯ್ತಲ್ಲ. ನಾಳೆ ನಲವತ್ತರಲ್ಲೇ ಓಗಿ ಅನೂನ ಕರ್ಕಬತ್ತೀನಿ. ಆಮೇಲೆ ಬಿಚ್ಚುಸುವ."

ಟಣ್.

ಟಣ್ ಟಣ್. ಟಣ್ ಟಣ್ ಟಣ್ ಟಣ್...

ನಿಲ್ಲಲಿಲ್ಲ. ಹಿಂದಿನ ಸೀಟು, ಮೇಲಿನ ತಗಡು, ಕನ್ನಡಿ, ಎಲ್ಲಾ ಆ ಬಡಿತಕ್ಕೆ ಅದುರಿದವು. ನಿಲ್ಲಿಸೋ ತನಕ ಬಡಿಯುವ ಲೆಕ್ಕ. ಧರ್ಮೇಂದ್ರನಿಗೆ ಉಸಿರು ಕಟ್ಟಿತು ಅಂದುಕೊಂಡು ಶಿವಶಂಕರಣ್ಣ ಗಾಡಿಯನ್ನ ಮೋರಿಯ ಪಕ್ಕ ಇಳಿಸಿ ಬ್ರೇಕು ಹಾಕಿದ. ಚಕ್ರ ನಿಂತ ಕ್ಷಣ ಬಡಿತವೂ ನಿಂತಿತು.

ಓಡಿ ಹಿಂದೆ ಹೋದ. ಡಿಕ್ಕಿ ಗಟ್ಟಿಯಾಗಿ ಹಾಕಿಕೊಂಡಿತ್ತು. ಕೀಲಿ ತಿರುಗಿಸಿ ಎತ್ತಿದ. ಟಾರ್ಚು ಬಿಟ್ಟ.

ಸ್ಟೆಪ್ನಿ. ಗೋಣಿಚೀಲ. ಹಗ್ಗ.

ಮನುಷ್ಯ ಇಲ್ಲ.

ಅವನಿಗೆ ಮೊದಲು ದೆವ್ವ ನೆನಪಾಗಲಿಲ್ಲ. ನೆನಪಾದದ್ದು ಧರ್ಮೇಂದ್ರನ ಹೆಂಡತಿ. ಡಿಕ್ಕಿಯ ಬಾಗಿಲು ತೆರೆದುಕೊಂಡು ಧರ್ಮೇಂದ್ರ ರೋಡಿಗೆ ಬಿದ್ದುಹೋದ ಅಂದುಕೊಂಡ. ಹಾಕಿಕೊಂಡ ಡಿಕ್ಕಿಯಿಂದ ಹೇಗೆ ಬೀಳುತ್ತಾನೆ ಅಂತ ಕೇಳಿಕೊಳ್ಳುವ ಬುದ್ಧಿ ಆಗ ಇರಲಿಲ್ಲ. ಬಂದ ದಾರಿಯಲ್ಲೇ ಟಾರ್ಚು ಹಿಡಿದು ನಡೆದ. ಧರ್ಮಾ... ಲೇ ಧರ್ಮಾ... ಅಂತ ಮೆಲ್ಲಗೆ ಕರೆಯುತ್ತಾ. ರೋಡಿನ ಮೇಲೆ ಕಬ್ಬಿನ ಸೋಗೆ ಬಿದ್ದಿತ್ತು. ಒಂದೊಂದು ಸೋಗೆಯೂ ಕೈ ಹಾಗೆ, ಕಾಲು ಹಾಗೆ ಕಾಣುತ್ತಿತ್ತು. ಹಿಂದೆ ಕಾರಿನ ಸೈಲೆನ್ಸರು ಆರುತ್ತಾ ಟಿಕ್... ಟಿಕ್... ಅನ್ನುತ್ತಿತ್ತು. ಅಷ್ಟು ದೂರ ಬಂದ ಮೇಲೂ ಅವನಿಗೆ ಕೇಳಿಸುತ್ತಿತ್ತು.

ಫ್ಯಾಕ್ಟರಿ ಕಡೆ ಹೋಗುವ ಕಬ್ಬಿನ ಲಾರಿಯೊಂದು ಅವನನ್ನ ಹತ್ತಿಸಿಕೊಂಡಿತು. ಕಾರು ಮೋರಿಯ ಹತ್ತಿರವೇ ಉಳಿಯಿತು. ದಾರಿಯುದ್ದಕ್ಕೂ ಕಿಟಕಿಯಿಂದ ತಲೆ ಹೊರಗೆ ಹಾಕಿ ರೋಡು ನೋಡುತ್ತಾ ಬಂದ. ಇಳಿದು, ಪೊಲೀಸ್ ಸ್ಟೇಷನ್ನಿಗೋ ಧರ್ಮೇಂದ್ರನ ಮನೆಗೋ ಅಂತ ತಿಳಿಯದೆ, ಆಲದ ಮರದ ಹತ್ತಿರ ಬಂದ.

ಬಾವಿ ಕಟ್ಟೆಯ ಮೇಲೆ ಬೀಡಿ ಕಿಡಿ ಎರಡು.

ಧರ್ಮೇಂದ್ರ ನಗುವುದಕ್ಕೆ ತಯಾರಾಗಿ ಕೂತಿದ್ದ. "ಏನ್ಲಾ, ಕಾರೆಲ್ಲಿ? ನಂಜೊತೆ ಮಾತಾಡ್ಕಂಡು ಎಲ್ಲಿಗಂಟ ಓಗಿದ್ದೆ?"

ಶಿವಶಂಕರಣ್ಣ ಹತ್ತಿರ ಹೋಗಿ ಅವನ ತೋಳು ಮುಟ್ಟಿದ. ಬೆಚ್ಚಗಿತ್ತು.

"ಎಲ್ಲಿ ಬಿದ್ದೆ ನೀನು?"

"ಬೀಳಾಕೆ ಒಳ್ಗಿರ್ಬೇಕಲ್ಲ. ನೀನು ಸೆಲ್ಫ್ ಒಡೀವಾಗ್ಲೇ ಇಳ್ಕಂಡೆ."

ಇಳಿದು, ಡಿಕ್ಕಿ ಬಾಗಿಲು ಒತ್ತಿ ಹಾಕಿ, ಆಚೆಯಿಂದ ಒಂದು ಸಲ ತಟ್ಟಿ, ಶೆಡ್ಡಿನ ಮರೆಗೆ ಹೋಗಿ ನಿಂತೆ ಅಂದ. ಬರೀ ಡಿಕ್ಕಿಗೆ ಎಡವಾ ಬಲವಾ ಅಂತ ಕೂಗುತ್ತಾ ನೀನು ಗಣಂಗೂರಿಗೆ ಹೋಗಿ ಬರುವುದನ್ನ ನಾಳೆ ಸ್ಟ್ಯಾಂಡಿಗೆಲ್ಲ ಹೇಳಬೇಕು ಅಂತಿದ್ದೆ ಅಂದ. ಹೇಳುತ್ತಾ ಹೇಳುತ್ತಾ ಎದುರಿಗಿದ್ದವನ ಮುಖ ನೋಡಿ ದನಿ ತಗ್ಗಿಸಿದ.

"ಆಮೇಲೆ ಬಡಿದ್ಯಲ್ಲ," ಅಂದ ಶಿವಶಂಕರಣ್ಣ. "ಎರಡೆರಡು ಸಲ."

"ಇಲ್ಲ ಕಣ್ಲಾ. ಒಂದೇ. ಇಲ್ಲೇ, ಶೆಡ್ ಮುಂದೆ."

"ಸ್ಪ್ಯಾನರ್ ಎಲ್ಲಿ?"

"ಯಾವ ಸ್ಪ್ಯಾನರು..."

ಶಿವಶಂಕರಣ್ಣ ದಾಸಯ್ಯನ ಕಡೆ ನೋಡಿದ. ದಾಸಯ್ಯ ಸುಳ್ಳು ಹೇಳುವ ಕುಳವಲ್ಲ, ಅವನಿಗೆ ಅದಕ್ಕೆ ಸೋಮಾರಿತನ. "ಇಲ್ಲೇ ಇದ್ದ ಕಣಪ್ಪ," ಅಂದ ದಾಸಯ್ಯ. "ನನ್ ಬೀಡಿ ಕಟ್ಟು ಪೂರಾ ಸೇದ್ಬುಟ್ಟ."

ಗಾಳಿ ನಿಂತಿತ್ತು. ರಾಟೆಯೂ ನಿಂತಿತ್ತು. ಮನೆಗೆ ಹೊರಟರೆ ಮುಂದೆ ಯಾರು ಹೋಗಬೇಕು ಅಂತ ಇಬ್ಬರೂ ತಡೆದು ತಡೆದು, ಕೊನೆಗೆ ಚಿಕ್ಕ ಹುಡುಗರ ಹಾಗೆ ಅಕ್ಕಪಕ್ಕ ಕೈ ಹಿಡಿದುಕೊಂಡು ಹೋದರು. ದಾಸಯ್ಯ ಆವತ್ತು ಗಿರಣಿಯ ಒಳಗಿಂದ ಚಿಲಕ ಹಾಕಿಕೊಂಡು ಕಾವಲು ಕಾದ.

ಬೆಳಕು ಹರಿಯುವ ಮೊದಲೇ ಕರಿಯಪ್ಪನನ್ನ ಎಬ್ಬಿಸಿಕೊಂಡು ಹೋದರು. ಯಾರು ಬಡಿದರು ಅನ್ನುವುದನ್ನ ಅವನಿಗೆ ಹೇಳಲಿಲ್ಲ. ಬಲಗಡೆ ಹಿಂದಿನದು ಬಿಚ್ಚು ಅಂದರು ಅಷ್ಟೆ. ಕರಿಯಪ್ಪ ಗೊಣಗುತ್ತಾ ಜಾಕಿ ಏರಿಸಿದ, ಚಕ್ರ ತೆಗೆದ, ಡ್ರಮ್ಮು ಬಿಚ್ಚಿದ. ಬಿಚ್ಚಿದ ಮೇಲೆ ಗೊಣಗಾಟ ನಿಂತಿತು. ಚಕ್ರವನ್ನ ಹಿಡಿದುಕೊಳ್ಳುವ ಹಬ್ಬು ಸಡಿಲವಾಗಿ ಆಡಿ ಆಡಿ, ಆಕ್ಸಲಿನ ತುದಿ ಅರ್ಧಕ್ಕೂ ಹೆಚ್ಚು ಸೀಳಿತ್ತು. ಕರಿಯಪ್ಪ ಉಗುರಿನಲ್ಲಿ ಆ ಸೀಳನ್ನ ಮುಟ್ಟಿ ನೋಡಿ, ಮುಂದಿನ ಹಳ್ಳಕ್ಕೆ ಬಿದ್ದಿದ್ದರೆ ಸಾಕಿತ್ತು ಅಂದ. ಅರವತ್ತರಲ್ಲೇ ಆಗಬೇಕು ಅಂತಿರಲಿಲ್ಲ. ನಲವತ್ತರಲ್ಲೂ ಚಕ್ರ ಕಳಚಿಕೊಂಡು ಹೋಗುತ್ತಿತ್ತು.

ಶಿವಶಂಕರಣ್ಣ ಮೋರಿಯ ಮೇಲೆ ಕೂತುಬಿಟ್ಟ. ಆಗ ಅವನಿಗೆ ನೆನಪಾದದ್ದು. ಆ ಹಬ್ಬು ಹಾಕಿದ್ದು ಸೋಮಯ್ಯ, ಆ ವರ್ಷದ ಬೇಸಿಗೆಯಲ್ಲಿ. ಹಾಕಿ, ಎಲೆ ಅಡಿಕೆ ಉಗಿದು, ಒಂದಷ್ಟು ಓಡಿಸಿ ವಾಪಸು ತಗಂಬಾ, ಇನ್ನೊಂದು ಸಲ ಬಿಗಿ ಮಾಡಬೇಕು, ಮರೀಬೇಡ ಅಂದಿದ್ದ. ಮದುವೆ ಬಾಡಿಗೆಗಳ ಗಲಾಟೆಯಲ್ಲಿ ಇವನು ಮರೆತ. ಆಮೇಲೆ ಆಷಾಢ ಬಂತು, ಸೋಮಯ್ಯ ಹೋದ.

ಅನುವನ್ನ ಅವತ್ತು ಕೆ.ಆರ್. ಪೇಟೆಯ ಯಾರದೋ ಕಾರಿನಲ್ಲಿ ಕರೆತಂದರು. ಶಿವಶಂಕರಣ್ಣ ಅವಳ ಪಕ್ಕದಲ್ಲೇ ಕೂತು, ದಾರಿಯುದ್ದಕ್ಕೂ ಡ್ರೈವರಿಗೆ ಮೆಲ್ಲಗೆ, ಮೆಲ್ಲಗೆ ಅಂತ ಪ್ರಾಣ ತಿಂದನಂತೆ. ಹುಟ್ಟಿದ್ದು ಹೆಣ್ಣು ಕೂಸು. ಈಗ ರಜಕ್ಕೆ ಬಂದರೆ ನಮ್ಮ ಬೀದಿಯಲ್ಲೇ ಗೋಲಿ ಆಡುತ್ತಾಳೆ, ನನ್ನ ಎರಡು ಗೋಲಿ ಇಟ್ಟುಕೊಂಡು ಕೊಟ್ಟಿಲ್ಲ.

ಧರ್ಮೇಂದ್ರ ಚೇಷ್ಟೆ ಬಿಟ್ಟಿಲ್ಲ, ಅವನ ಕೈಲಿ ಆಗಬೇಕಲ್ಲ. ಆದರೆ ಯಾರ ಮನೆಗೆ ಹೋದರೂ ಬಾಗಿಲು ಬಡಿಯುವುದಿಲ್ಲ. ಬೀದಿಯಲ್ಲೇ ನಿಂತು ಹೆಸರು ಹಿಡಿದು ಕೂಗುತ್ತಾನೆ. ನೀವೇ ಗಮನಿಸಿ.

ನೀವು ನಂಬುವುದಿಲ್ಲ, ನನಗೆ ಗೊತ್ತು. ನಾನು ಹೇಳಿದ್ದನ್ನ ನಮ್ಮ ಮೇಷ್ಟ್ರೂ ನಂಬುತ್ತಿರಲಿಲ್ಲ. ಅವರಿಗೆ ನಾನು ಹೇಳುತ್ತಿದ್ದದ್ದೆಲ್ಲ ಸುಳ್ಳೇ, ಅದು ಸರಿ. ಆದರೆ ಇದು ನಡೆದದ್ದು. ಆ ಅಂಬಾಸಿಡರು ಈಗ ನಾಗಮಂಗಲದಲ್ಲಿದೆ, ಬಸ್‌ಸ್ಟ್ಯಾಂಡಿನ ಎದುರಿನ ಟ್ಯಾಕ್ಸಿ ಸಾಲಿನಲ್ಲಿ ನಿಲ್ಲುತ್ತದೆ. ಕೊಂಡವನು ಎರಡು ಸಲ ಪೇಂಟು ಮಾಡಿಸಿದ್ದಾನೆ. ಡಿಕ್ಕಿ ತೆಗೆಸಿ ನೋಡಿ. ಒಳಗೆ, ಬಲಗಡೆ, ಚಕ್ರದ ಮೇಲಿನ ತಗಡಿನಲ್ಲಿ ಪಕ್ಕಪಕ್ಕ ಎರಡು ಸಣ್ಣ ತಗ್ಗಿವೆ, ಹೆಬ್ಬೆರಳು ಊರುವಷ್ಟು. ಅಲ್ಲಿ ಮಾತ್ರ ಪೇಂಟು ನಿಲ್ಲುವುದಿಲ್ಲ. ಬಳಿದು ವಾರ ಕಳೆಯುವುದರೊಳಗೆ ಉದುರಿ, ತಗಡು ಹೊಸದರ ಹಾಗೆ ಹೊಳೆಯುತ್ತಾ ಇರುತ್ತದೆ.